ಕೀಟಭ್ರಮರನ್ಯಾಯವೂ ತೆಂಗಿನ ತೋಟದ ಕಡಜಗಳೂ

೧. ನ್ಯಾಯದ ಸ್ವರೂಪ

ವೇದಾಂತಗ್ರಂಥಗಳಲ್ಲಿಯೂ ನಮ್ಮ ಭಕ್ತಿಸಾಹಿತ್ಯದಲ್ಲಿಯೂ ಪರಿಶ್ರಮವುಳ್ಳವರಿಗೆ ಕೀಟಭ್ರಮರನ್ಯಾಯವು ಸುಪರಿಚಿತವಾದುದು. ಕಡಜವೊಂದು ಹುಳುವನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿಟ್ಟು ಗೂಡಿನ ಬಾಯನ್ನು ಮುಚ್ಚುತ್ತದೆ; ಹುಳುವು ಭಯದಿಂದ ಕಡಜವನ್ನೇ ಎಡೆಬಿಡದೆ ನೆನೆಯುತ್ತಿದ್ದು ಕಡೆಗೆ ತಾನೇ ಕಡಜವಾಗಿ ಹೊರಗೆ ಬರುತ್ತದೆ; ಹಾಗೆಯೇ ಜೀವನು ಅನನ್ಯಚಿಂತನದಿಂದ ಚಿಂತಿತವಸ್ತುವಿನ ಸ್ವರೂಪವನ್ನೇ ಹೊಂದುತ್ತಾನೆ—ಇದು ಆ ನ್ಯಾಯದ ತಾತ್ಪರ್ಯ. ಶ್ರೀಮದ್ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಎಣಿಸುವ ಇಪ್ಪತ್ತುನಾಲ್ಕು ಗುರುಗಳಲ್ಲಿ ಕಡೆಯದು ಈ ಕಡಜವೇ. ಶಂಕರಾಚಾರ್ಯರ ಕೃತಿಯೆಂದು ಪ್ರಸಿದ್ಧವಾಗಿರುವ ವಿವೇಕಚೂಡಾಮಣಿಯಲ್ಲಿಯೂ ಇದೇ ದೃಷ್ಟಾಂತವುಂಟು. ನಮ್ಮ ವಚನಗಳಲ್ಲಿ ಕೀಡಿಯು ಕುಂಡಲಿಯಾದ ಮಾತು ಬರುತ್ತದೆ.

ಇಲ್ಲಿ ಮೊದಲು ಒಂದು ಶಬ್ದವಿಚಾರವನ್ನು ಮಾಡಬೇಕಾಗಿದೆ. ಭ್ರಮರವೆಂದರೆ ಹೂವಿನಿಂದ ಹೂವಿಗೆ ಹಾರುವ ದುಂಬಿಯೆಂದೇ ಕಾವ್ಯಪರಿಚಯವುಳ್ಳವರು ತಿಳಿಯುತ್ತಾರೆ. ಆದರೆ ದುಂಬಿಯು ಮಕರಂದವನ್ನೂ ಪರಾಗವನ್ನೂ ಉಣ್ಣತಕ್ಕ ಪ್ರಾಣಿ. ಅದು ಹುಳುವನ್ನು ಹೊತ್ತು ತರುವುದಿಲ್ಲ. ಭಾಗವತದಲ್ಲಿ ಪ್ರಯೋಗವಾಗಿರುವುದು ಪೇಶಸ್ಕೃತ್ ಎಂಬ ಶಬ್ದ. ಚೆಂದವಾಗಿ ಕಟ್ಟತಕ್ಕದ್ದು ಎಂದು ಅದರ ಅರ್ಥ. ಕನ್ನಡದ ಕುಂಡಲಿ, ಕುಂಡಲಿಗ ಎಂಬ ಹೆಸರುಗಳೂ ಗುಂಡಗೆ ಮಣ್ಣಿನ ಗೂಡನ್ನು ಕಟ್ಟುವ ಕಡಜವನ್ನೇ ಸೂಚಿಸುತ್ತವೆ. ಆದುದರಿಂದ ಈ ನ್ಯಾಯದಲ್ಲಿ ಭ್ರಮರಶಬ್ದಕ್ಕೆ ಕಡಜವೆಂಬ ಅರ್ಥವನ್ನೇ ಹೇಳತಕ್ಕದ್ದು. ದುಂಬಿಯೆಂದು ಹೇಳಿದರೆ ದೃಷ್ಟಾಂತವು ಬುಡದಲ್ಲಿಯೇ ಕೆಡುತ್ತದೆ. ಕಡಜ, ಕಣಜ ಎಂಬ ಎರಡು ರೂಪಗಳೂ ಬಳಕೆಯಲ್ಲಿವೆ. ಕಣಜಕ್ಕೆ ಧಾನ್ಯದ ಉಗ್ರಾಣವೆಂಬ ಅರ್ಥವೂ ಇರುವುದರಿಂದ ಈ ಲೇಖನದಲ್ಲಿ ಕಡಜವೆಂಬುದನ್ನೇ ಬಳಸಿದೆ.

ಇನ್ನು, ಈ ನ್ಯಾಯದಲ್ಲಿ ಪ್ರತ್ಯಕ್ಷವೆಷ್ಟು, ಅನುಮಾನವೆಷ್ಟು? ಹುಳುವು ಗೂಡಿನೊಳಕ್ಕೆ ಹೋದುದು ಪ್ರತ್ಯಕ್ಷ. ಗೂಡಿನ ಬಾಯಿ ಮುಚ್ಚಿದುದು ಪ್ರತ್ಯಕ್ಷ. ಕೆಲವು ದಿನಗಳ ಮೇಲೆ ಗೂಡನ್ನು ಒಡೆದುಕೊಂಡು ಕಡಜವು ಹೊರಬಂದುದು ಪ್ರತ್ಯಕ್ಷ. ಈ ಮೂರನ್ನೂ ನಮ್ಮ ಪೂರ್ವಿಕರು ಚೆನ್ನಾಗಿ ನೋಡಿದ್ದರು. ಹುಳುವೇ ಕಡಜವಾಯಿತೆಂಬುದು ಮಾತ್ರ ಅನುಮಾನ. ಮುಚ್ಚಿದ ಗೂಡನ್ನು ನಡುವೆ ಒಡೆದು ನೋಡಿದ್ದರೆ ನಾಲ್ಕನೆಯ ಪ್ರತ್ಯಕ್ಷವೂ ದೊರೆಯುತ್ತಿತ್ತು: ಕಡಜವು ಗೂಡಿನಲ್ಲಿ ಮೊಟ್ಟೆಯನ್ನಿಟ್ಟಿರುತ್ತದೆ, ಕೊಂಡಿಯಿಂದ ಚುಚ್ಚಿ ಜಡವಾಗಿಸಿದ ಹುಳುವನ್ನು ಮೊಟ್ಟೆಯಿಂದ ಹೊರಟ ಮರಿಗೆ ಆಹಾರವಾಗಿ ಇಟ್ಟಿರುತ್ತದೆ, ಮರಿಯು ಹುಳುವನ್ನು ತಿಂದು ಬೆಳೆದು ಕಡಜವಾಗಿ ಹೊರಬರುತ್ತದೆ. ಹುಳುವು ಕಡಜವಾಗುವುದಿಲ್ಲ, ಕಡಜದ ಮರಿಗೆ ಅನ್ನವಾಗುತ್ತದೆ.

ಈ ಭ್ರಾಂತಿಯು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಟಲಿಯ ಆಲ್ಡ್ರೊವಾಂಡಿಯು ಎಲೆಕೋಸಿನ ಹುಳುವಿನ ಮೈಯಿಂದ ಹೊರಟ ಕಡಜದ ಮರಿಗಳು ಕಟ್ಟಿದ ಗೂಡುಗಳನ್ನು ಕಂಡು, ಅವು ಹುಳುವೇ ಇಟ್ಟ ಮೊಟ್ಟೆಗಳೆಂದು ೧೬೦೨ರಲ್ಲಿ ಭಾವಿಸಿದನು. ಅದರ ನಿಜವನ್ನು ಅದೇ ದೇಶದ ವಾಲಿಸ್ನಿಯೇರಿ ಎಂಬ ವಿದ್ವಾಂಸನು ಹೊರಗೆಡಹುವ ಹೊತ್ತಿಗೆ ನೂರು ವರ್ಷಗಳೇ ಸಂದಿದ್ದುವು.

ಹೀಗಿದ್ದರೆ ನ್ಯಾಯವು ತ್ಯಾಜ್ಯವೇ ಎಂದು ಕೇಳಬಹುದು. ತ್ಯಾಜ್ಯವಲ್ಲ. ದೃಷ್ಟಾಂತದ ಪ್ರಯೋಜನವು ದಾರ್ಷ್ಟಾಂತಿಕವನ್ನು ಬುದ್ಧಿಗೆ ಹತ್ತಿಸುವುದು; ಚಕೋರವು ಬೆಳ್ದಿಂಗಳನ್ನು ಕುಡಿಯುವುದೆಂಬ ಕವಿಸಮಯದಿಂದ ಕಾವ್ಯಕ್ಕೆ ಹೇಗೆ ಹಾನಿಯಿಲ್ಲವೋ ಹಾಗೆಯೇ ಇದರಿಂದ ಶಾಸ್ತ್ರಕ್ಕೆ ಹಾನಿಯಿಲ್ಲ. ಆದರೆ ಕವಿಸಮಯವನ್ನು ಕವಿಸಮಯವೆಂದು ತಿಳಿದೇ ಹೇಳಬೇಕು. ಏಕೆಂದರೆ ಈ ಹುಳು-ಕಡಜಗಳ ನಿಜವಾದ ಸಂಬಂಧವು ಇಂದು ಕೇವಲ ಪಂಡಿತಗೋಷ್ಠಿಯ ವಿಷಯವಾಗಿ ಉಳಿದಿಲ್ಲ. ನಮ್ಮ ನಾಡಿನ ತೆಂಗಿನ ತೋಟಗಳಲ್ಲಿ ಬೆಳೆಯ ಅಳಿವು ಉಳಿವುಗಳೇ ಅದನ್ನು ಅವಲಂಬಿಸಿಕೊಂಡಿವೆ. ಮುಚ್ಚಿದ ಗೂಡಿನೊಳಗೆ ಏನು ನಡೆಯುತ್ತದೆಂಬುದನ್ನು ತಿಳಿದ ಒಕ್ಕಲಿಗನಿಗೆ ಕಡಜವು ಬಂಟನಾಗುತ್ತದೆ. ತಿಳಿಯದವನು ಅದೇ ಬಂಟನನ್ನು ವಿಷವಿಟ್ಟು ಕೊಲ್ಲುತ್ತಾನೆ. ಈ ವಿಷಯವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಹೆಸರಿನ ವಿಚಾರ

ಇಂಥ ಕಡಜಗಳಿಗೆ ಇಲಾಖೆಯ ಕರಪತ್ರಗಳಲ್ಲಿ ಪರೋಪಜೀವಿ, ಪರತಂತ್ರಜೀವಿ, ಪರಾವಲಂಬಿ ಎಂಬ ಹೆಸರುಗಳಿವೆ. ಮೂರೂ ಸಾಧುಶಬ್ದಗಳೇ, ಆದರೆ ವಿವಕ್ಷಿತವಾದ ಅರ್ಥವನ್ನು ಮೂರೂ ಪೂರ್ತಿಯಾಗಿ ಹೇಳುವುದಿಲ್ಲ. ಮಾವಿನ ಮರದ ಮೇಲಿನ ಬಂದಣಿಕೆಯು ಪರೋಪಜೀವಿ. ದನದ ಮೈಮೇಲಿನ ಉಣ್ಣೆಯು ಪರೋಪಜೀವಿ. ಇವು ಆಶ್ರಯವನ್ನು ಹೀರುತ್ತವೆಯೇ ಹೊರತು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಆಶ್ರಯವು ಬದುಕಿದ್ದರೇ ಇವಕ್ಕೆ ಕ್ಷೇಮ. ಇನ್ನೊಂದು ಕಡೆ ಹುಲಿ, ಜೇಡ ಮೊದಲಾದ ಪರಭಕ್ಷಕಗಳಿವೆ. ಇವು ಬೇಟೆಯನ್ನು ಕೂಡಲೇ ಕೊಂದು ತಿನ್ನುತ್ತವೆ, ಒಂದೊಂದೂ ತನ್ನ ಆಯುಸ್ಸಿನಲ್ಲಿ ಹಲವು ಬೇಟೆಗಳನ್ನು ಮುಗಿಸುತ್ತದೆ. ನಾವು ಹೇಳುತ್ತಿರುವ ಕಡಜವು ಈ ಎರಡು ವರ್ಗಗಳಿಗೂ ಸೇರದು. ಅದರ ಮರಿಯು ಒಂದೇ ಆಶ್ರಯದ ಮೇಲೆ ಬೆಳೆಯುತ್ತದೆ. ಬೆಳೆದು ಮುಗಿಯುವ ಹೊತ್ತಿಗೆ ಆ ಆಶ್ರಯವನ್ನು ತಪ್ಪದೆ ಕೊಂದಿರುತ್ತದೆ. ಬೆಳೆದ ಮೇಲೆ ಸ್ವತಂತ್ರವಾಗಿ ಹಾರಿಹೋಗುತ್ತದೆ. ಈ ಭೇದವನ್ನು ಕಂಡೇ ಫಿನ್ಲೆಂಡಿನ ಕೀಟಶಾಸ್ತ್ರಜ್ಞ ಓ. ಎಂ. ರಾಯ್ಟರ್ ೧೯೧೩ರಲ್ಲಿ ಪ್ಯಾರಸಿಟಾಯ್ಡ್ ಎಂಬ ಹೊಸ ಶಬ್ದವನ್ನು ಬಳಕೆಗೆ ತಂದರು.

ಈ ಅರ್ಥಕ್ಕೆ ನಮ್ಮಲ್ಲಿ ಶಬ್ದವಿಲ್ಲವೆ? ಅಮರಕೋಶದಲ್ಲಿ ಅಗ್ನಿಯ ಪರ್ಯಾಯನಾಮಗಳ ನಡುವೆ ಆಶ್ರಯಾಶ ಎಂಬುದೊಂದುಂಟು. ತನಗೆ ಆಶ್ರಯವಾದುದನ್ನೇ ತಿನ್ನತಕ್ಕದ್ದು ಎಂದು ಅದರ ವ್ಯುತ್ಪತ್ತಿ. ಬೆಂಕಿಯು ಕಟ್ಟಿಗೆಯನ್ನು ಆಶ್ರಯಿಸಿ ಹುಟ್ಟುತ್ತದೆ, ಕಟ್ಟಿಗೆಯನ್ನೇ ತಿಂದು ಬೆಳೆಯುತ್ತದೆ, ಕಟ್ಟಿಗೆ ತೀರಿದಲ್ಲಿ ತಾನೂ ಅಡಗುತ್ತದೆ. ಕಡಜದ ನಡತೆಯೂ ಹಾಗೆಯೇ. ಆದುದರಿಂದ ಇದನ್ನು ಆಶ್ರಯಾಶಿಯೆಂದು ಕರೆಯಬಹುದೆಂದು ನನ್ನ ಅಭಿಪ್ರಾಯ. ಮುಂದೆ ಈ ಲೇಖನದಲ್ಲಿ ಅದೇ ಶಬ್ದವನ್ನು ಬಳಸುತ್ತೇನೆ. ಶಬ್ದವು ರುಚಿಸದವರು ಬಿಡಬಹುದು. ಅದರ ಮೂರು ಲಕ್ಷಣಗಳನ್ನು ಮಾತ್ರ ಬಿಡಲಾಗದು. ಒಂದು, ಆಶ್ರಯದ ನಿಯತಿ—ಎಲ್ಲ ಕೀಟಗಳೂ ಅದಕ್ಕೆ ಆಶ್ರಯವಾಗುವುದಿಲ್ಲ, ಆಶ್ರಯವಾದ ಕೀಟದ ಎಲ್ಲ ಅವಸ್ಥೆಗಳೂ ಆಗುವುದಿಲ್ಲ. ಎರಡು, ಆಶ್ರಯದ ನಾಶ. ಮೂರು, ಆಶ್ರಯವು ತೀರಿದಾಗ ತಾನೂ ಕ್ಷೀಣಿಸುವುದು. ತೋಟದಲ್ಲಿ ಕಡಜವನ್ನು ಉಪಯೋಗಿಸುವ ಕ್ರಮವೆಲ್ಲವೂ ಈ ಮೂರರಿಂದಲೇ ಹುಟ್ಟುತ್ತದೆ.

೩. ಕಪ್ಪುತಲೆ ಹುಳು

ತೆಂಗಿನ ಶತ್ರುಗಳಲ್ಲಿ ಮುಖ್ಯವಾದವುಗಳ ಪೈಕಿ ಕಪ್ಪುತಲೆ ಹುಳುವೊಂದು. ಭಾರತ, ಸಿಂಹಳ, ಬಂಗ್ಲಾದೇಶ, ಬರ್ಮಾಗಳಲ್ಲಿ ಇದು ಬಹುಕಾಲದಿಂದ ಇರುವುದು. ೨೦೧೩ರಲ್ಲಿ ಚೀನಾದೇಶದ ಹೈನಾನ್ ದ್ವೀಪದಲ್ಲಿಯೂ ಕಾಣಿಸಿಕೊಂಡಿತು. ಕರ್ಣಾಟಕದಲ್ಲಿ ಕರಾವಳಿಯಲ್ಲಿಯೂ, ತುಮಕೂರು ಹಾಸನ ಮೊದಲಾದ ಬಯಲುಸೀಮೆಯ ತೋಟಗಳಲ್ಲಿಯೂ ಇದರ ಹಾವಳಿ ಉಂಟು.

ಬೂದುಬಣ್ಣದ ಚಿಕ್ಕ ಪತಂಗವು ಗರಿಯ ಎಲೆಗಳ ಕೆಳಮೈಯಲ್ಲಿ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಹೊರಟ ಹುಳುವು ತನ್ನ ನೂಲಿನಿಂದಲೂ ಹಿಕ್ಕೆಯಿಂದಲೂ ಎಲೆಯ ಕೆಳಗೆ ಒಂದು ಸುರಂಗವನ್ನು ಕಟ್ಟಿಕೊಂಡು, ಅದರೊಳಗೆ ಅಡಗಿದ್ದು ಎಲೆಯ ಹಸುರನ್ನು ಕೆರೆದು ತಿನ್ನುತ್ತದೆ. ಹಸುರು ಹೋದ ಎಲೆ ಒಣಗುತ್ತದೆ. ಹಾವಳಿ ಬಲವಾದಾಗ ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗಲಿ ಗರಿಗಳು ಸುಟ್ಟಂತೆ ಕಾಣುತ್ತದೆ. ಸುಮಾರು ಆರು ವಾರಗಳ ಕಾಲ ಹುಳುವಾಗಿದ್ದು, ಹಲವು ಸಲ ಪೊರೆ ಕಳಚಿ ಬೆಳೆದು, ಅದೇ ಸುರಂಗದಲ್ಲಿ ಎರಡು ದಿನ ಪೂರ್ವಕೋಶಾವಸ್ಥೆಯಲ್ಲಿಯೂ ಹನ್ನೆರಡು ದಿನಗಳಷ್ಟು ಕೋಶಾವಸ್ಥೆಯಲ್ಲಿಯೂ ಇದ್ದು ಪತಂಗವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಒಟ್ಟು ಎರಡು ತಿಂಗಳ ಲೆಕ್ಕ. ಬೇಸಗೆಯಲ್ಲಿ ಇದರ ಸಂಖ್ಯೆ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಹಾವಳಿ ತೀವ್ರವಾದ ತೋಟದಲ್ಲಿ ಮರುವರ್ಷದ ಫಸಲು ಶೇಕಡ ೪೫ರಷ್ಟು ಕಡಮೆಯಾದುದು ಶೋಧನೆಗಳಿಂದ ತಿಳಿದುಬಂದಿದೆ. ಗರಿಯನ್ನು ತಿಂದರೆ ಕಾಯಿ ಏಕೆ ಕಡಮೆಯಾಗಬೇಕೆಂದರೆ, ಮರವು ಉಣ್ಣುವುದು ಗರಿಯ ಹಸುರಿನಿಂದ. ಆ ಉಣಿಸು ತಪ್ಪಿದ ಮರವು ಹೊಂಬಾಳೆಯನ್ನು ಬಿಡಲಾರದು, ಬಿಟ್ಟರೂ ಕಾಯಿಗಳನ್ನು ಉಳಿಸಿಕೊಳ್ಳಲಾರದು.

ಭಾಷಾವಿಚಾರದಲ್ಲಿ ಆಸಕ್ತಿಯುಳ್ಳವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಈ ಕೀಟಕ್ಕೆ ಇಂದಿನ ಶಾಸ್ತ್ರೀಯನಾಮ ಒಪಿಸಿನ ಅರೆನೊಸೆಲ್ಲ. ಅದನ್ನು ೧೮೬೪ರಲ್ಲಿ ವಾಕರ್ ಕೊಟ್ಟನು. ಮೆಯ್ರಿಕ್ ಎಂಬ ವಿದ್ವಾಂಸನು ಇದನ್ನೇ ಬೇರೆಯೆಂದು ಎಣಿಸಿ ೧೯೦೫ರಲ್ಲಿ ನೆಫಾಂಟಿಸ್ ಸೆರಿನೋಪ ಎಂದು ಹೆಸರಿಟ್ಟನು. ಬಹುಕಾಲದವರೆಗೆ ಗ್ರಂಥಗಳಲ್ಲಿ ಈ ಎರಡನೆಯ ಹೆಸರೇ ನಡೆಯಿತು. ಎರಡೂ ಒಂದೇ ಕೀಟವೆಂದು ನಿಶ್ಚಯವಾದ ಮೇಲೆ ಮೊದಲಿನ ಹೆಸರಿಗೇ ಪ್ರಾಶಸ್ತ್ಯ ಬಂದು ನೆಫಾಂಟಿಸ್ ಬಿದ್ದುಹೋಯಿತು. ಆದರೆ ಇದರ ವೈರಿಗಳಾದ ಕಡಜಗಳ ಹೆಸರುಗಳಲ್ಲಿ—ಗೋನಿಯೋಜಸ್ ನೆಫಾಂಟಿಡಿಸ್, ಎಲಾಸ್ಮಸ್ ನೆಫಾಂಟಿಡಿಸ್ ಎಂಬಲ್ಲಿ—ಅದು ಷಷ್ಠೀವಿಭಕ್ತಿಯಲ್ಲಿ ಇಂದಿಗೂ ಉಳಿದಿದೆ. ಕೊಂದವನ ಬಿರುದಿನಲ್ಲಿ ಸತ್ತವನ ಹೆಸರು ಉಳಿಯುವುದು ನಮ್ಮ ಮುರಾರಿ, ಕಂಸಾರಿ ಮೊದಲಾದ ಶಬ್ದಗಳಲ್ಲಿಯೂ ಕಂಡದ್ದೇ ಅಲ್ಲವೆ!

೪. ಗೋನಿಯೋಜಸ್ಸಿನ ನಡತೆ

ಮೇಲೆ ಹೇಳಿದ ವೈರಿಗಳಲ್ಲಿ ಗೋನಿಯೋಜಸ್ ಮುಖ್ಯವಾದುದು. ಕಡಜವೆಂದೊಡನೆ ಭಯಪಡಬೇಕಾಗಿಲ್ಲ, ಇದು ಸಣ್ಣ ಇರುವೆಯಷ್ಟೇ ದೊಡ್ಡದಾದ ಕಪ್ಪು ಪ್ರಾಣಿ, ಹುಟ್ಟು ಕಟ್ಟಿ ಗುಂಪಾಗಿ ಎರಗುವ ಜಾತಿಯಲ್ಲ. ಕುಂಡಲಿಗಕ್ಕೂ ಇದಕ್ಕೂ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಕುಂಡಲಿಗವು ಹುಳುವನ್ನು ತನ್ನ ಮನೆಗೆ ಹೊತ್ತು ತರುತ್ತದೆ. ಗೋನಿಯೋಜಸ್ ಹುಳುವಿನ ಮನೆಗೇ ತಾನು ಹೋಗುತ್ತದೆ.

ಹೆಣ್ಣು ಕಡಜವು ಹಿಕ್ಕೆಯ ವಾಸನೆಯನ್ನು ಹಿಡಿದು ಸುರಂಗವನ್ನು ಹುಡುಕಿ ಒಳಹೊಕ್ಕು, ಬೆಳೆದ ಹುಳುವನ್ನು ಕೊಂಡಿಯಿಂದ ಚುಚ್ಚುತ್ತದೆ. ಹುಳುವು ಸಾಯುವುದಿಲ್ಲ, ಮತ್ತೆ ಚಲಿಸುವುದೂ ಇಲ್ಲ. ಕೊಂದಿದ್ದರೆ ಅದು ಕೊಳೆತು ಮರಿಗಳ ಅನ್ನವು ಕೆಡುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಅದು ಹೊರಳಾಡಿ ಮೊಟ್ಟೆಗಳನ್ನು ಕೆಡಹುತ್ತಿತ್ತು. ಅನಂತರ ಕಡಜವು ಹುಳುವಿನ ಮೈಮೇಲೆ ಹತ್ತರ ಆಸುಪಾಸಿನಷ್ಟು ಮೊಟ್ಟೆಗಳನ್ನಿಡುತ್ತದೆ. ಒಂದೆರಡು ದಿನಗಳಲ್ಲಿ ಹೊರಟ ಮರಿಗಳು ಹುಳುವಿನ ತೊಗಲಿಗೆ ಬಾಯಿಯಿಟ್ಟು ಹೊರಗಿನಿಂದಲೇ ರಸವನ್ನು ಹೀರಿ ಬೆಳೆಯುತ್ತವೆ. ಕೆಲವು ದಿನಗಳಲ್ಲಿ ಹುಳುವು ಬರಿಯ ಸಿಪ್ಪೆಯಾಗುತ್ತದೆ. ಮರಿಗಳು ಅದರ ಪಕ್ಕದಲ್ಲಿ ನೂಲಿನ ಗೂಡುಗಳನ್ನು ಕಟ್ಟಿಕೊಳ್ಳುತ್ತವೆ. ಮೊಟ್ಟೆಯಿಂದ ಹೊಸ ಕಡಜದವರೆಗೆ ಸುಮಾರು ಎರಡು ವಾರ ಸಾಕು.

ಈ ಕಾಲದಲ್ಲಿ ತಾಯಿಯು ಮರಿಗಳನ್ನು ಬಿಟ್ಟುಹೋಗುವುದಿಲ್ಲ. ಮರಿಗಳು ಗೂಡು ಕಟ್ಟುವವರೆಗೂ ಹುಳುವಿನ ಬಳಿಯಲ್ಲಿಯೇ ಕಾವಲಿರುತ್ತದೆ. ಬೇರೊಂದು ಹೆಣ್ಣು ಕಡಜವು ಬಂದರೆ ಅದರೊಡನೆ ಹೋರಾಡುತ್ತದೆ. ಏಕೆಂದರೆ ಹೊಸದಾಗಿ ಬಂದುದು ಇಲ್ಲಿರುವ ಮೊಟ್ಟೆಗಳನ್ನು ನಾಶಮಾಡಿ ತನ್ನವನ್ನು ಇಡುವ ಸಂಭವವುಂಟು. ಹುಳುವಿನ ಒಡೆತನ ಮೊದಲೇ ದೊರೆತಿರುವುದೂ ಮೈಯಲ್ಲಿ ದೊಡ್ಡದಾಗಿರುವುದೂ ಈ ಜಗಳದಲ್ಲಿ ಗೆಲುವಿಗೆ ಅನುಕೂಲವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಇನ್ನೊಂದು ವಿಶೇಷ: ಒಂದು ಸಂಸಾರದಲ್ಲಿ ಹುಟ್ಟುವವುಗಳಲ್ಲಿ ಬಹುಪಾಲು ಹೆಣ್ಣುಗಳೇ, ಗಂಡು ಒಂದೋ ಎರಡೋ. ಗಂಡಿನೊಡನೆ ಕೂಡದ ಹೆಣ್ಣು ಮೊಟ್ಟೆಯಿಟ್ಟರೆ ಅವೆಲ್ಲವೂ ಗಂಡುಗಳೇ ಆಗುತ್ತವೆ. ಹುಳುವನ್ನು ಹುಡುಕಿ ಚುಚ್ಚುವುದು ಹೆಣ್ಣೊಂದೇ ಆದುದರಿಂದ, ಸಾಕಿ ಬಿಡತಕ್ಕವರು ಕೂಡಿದ ಹೆಣ್ಣುಗಳನ್ನೇ ಬಿಡಬೇಕೆಂಬ ನಿಯಮ ಇದರಿಂದ ಬಂದಿತು.

ಈಗ ನ್ಯಾಯದ ಮಾತಿಗೆ ಹೋಲಿಸಿ ನೋಡಬೇಕು. ಜಡವಾಗಿ ಬಿದ್ದಿರುವ ಹುಳು, ಅದರ ಪಕ್ಕವನ್ನು ಬಿಡದ ಕಡಜ, ಕೆಲವು ದಿನಗಳ ಮೇಲೆ ಹುಳುವಿಲ್ಲದೆ ಕಡಜಗಳು ಮಾತ್ರ—ಈ ಚಿತ್ರವನ್ನೇ ನೋಡಿದವನು ಧ್ಯಾನದ ಫಲವನ್ನು ಊಹಿಸಿದರೆ ಆಶ್ಚರ್ಯವೇನು? ಹುಳುವಿನ ನಿಶ್ಚಲತೆಯು ಸಮಾಧಿಯಂತೆ ತೋರಿತು. ಅದು ವಿಷದ ಪರಿಣಾಮ. ಕಡಜದ ಸನ್ನಿಧಿಯು ಗುರುಸನ್ನಿಧಿಯಂತೆ ತೋರಿತು. ಅದು ತಾಯಿಯ ಕಾವಲು.

೫. ಅಧಿಕಾರಭೇದವೂ ಕಾಲಭೇದವೂ

ಗೋನಿಯೋಜಸ್ಸಿಗೆ ಬೆಳೆದ ಹುಳುವಿನ ಮೇಲೆ ಮಾತ್ರ ಅಧಿಕಾರ. ಮೊಟ್ಟೆಯನ್ನಾಗಲಿ, ಈಗತಾನೆ ಹೊರಟ ಮರಿಹುಳುವನ್ನಾಗಲಿ, ಕೋಶವನ್ನಾಗಲಿ ಅದು ಮುಟ್ಟುವುದಿಲ್ಲ. ಉಳಿದ ಅವಸ್ಥೆಗಳಿಗೆ ಬೇರೆ ಅಧಿಕಾರಿಗಳಿವೆ. ಬ್ರಾಕನ್ ಎಂಬುದೂ ಹುಳುವಿಗೇ ವೈರಿ; ಎಲಾಸ್ಮಸ್ ಎಂಬುದು ಪೂರ್ವಕೋಶಕ್ಕೆ; ಬ್ರಾಕಿಮೀರಿಯ ಎಂಬುದು ಕೋಶಕ್ಕೆ. ಟ್ರೈಕೋಸ್ಪೈಲಸ್ ಎಂಬ ಅತಿಸೂಕ್ಷ್ಮವಾದ ಕಡಜವೂ ಕೋಶವನ್ನೇ ಹಿಡಿಯುತ್ತದೆ. ಒಂದೇ ಕೋಶದೊಳಗಿಂದ ಅದರ ಮರಿಗಳು ಹತ್ತಾರು ಹೊರಬರುತ್ತವೆ.

ಎಷ್ಟು ಕಡಜಗಳನ್ನು ಬಿಡಬೇಕೆಂಬುದಕ್ಕೂ ಲೆಕ್ಕವುಂಟು. ಮೊದಲು ಕೆಲವು ಮರಗಳ ಎಲೆಗಳನ್ನು ತೆಗೆದು ನೋಡಿ ಹುಳುಗಳೆಷ್ಟು, ಕೋಶಗಳೆಷ್ಟು ಎಂದು ಎಣಿಸಿ ಅಂದಾಜುಮಾಡಬೇಕು. ಆಮೇಲೆ ಬೆಳೆದ ಹುಳುಗಳು ನೂರಿದ್ದಲ್ಲಿ ಸುಮಾರು ೨೦ ಗೋನಿಯೋಜಸ್ ಅಥವಾ ೩೦ ಬ್ರಾಕನ್; ಪೂರ್ವಕೋಶಗಳು ನೂರಿದ್ದಲ್ಲಿ ಸುಮಾರು ೫೦ ಎಲಾಸ್ಮಸ್; ಕೋಶಗಳು ನೂರಿದ್ದಲ್ಲಿ ಸುಮಾರು ೩೨ ಬ್ರಾಕಿಮೀರಿಯ—ಎಂಬುದು ಕಾಸರಗೋಡಿನ ಸಂಶೋಧನಾಲಯದ ವಿದ್ವಾಂಸರು ಪ್ರಯೋಗಗಳಿಂದ ಗೊತ್ತುಮಾಡಿರುವ ಪ್ರಮಾಣ. ಈ ಸಂಶೋಧನಾಲಯವು ೧೯೧೬ರಲ್ಲಿ, ಕಾಸರಗೋಡು ದಕ್ಷಿಣಕನ್ನಡ ಜಿಲ್ಲೆಗೆ ಸೇರಿದ್ದಾಗ, ತೆಂಗಿನ ಸಂಶೋಧನ ಕ್ಷೇತ್ರವಾಗಿ ಪ್ರಾರಂಭವಾದುದು. ೧೯೭೦ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಯಿತು.

ಅಧಿಕಾರಭೇದಕ್ಕಿಂತಲೂ ಸೂಕ್ಷ್ಮವಾದುದು ಕಾಲಭೇದ. ಉಷ್ಣದೇಶದಲ್ಲಿ ಕೀಟಗಳ ಸಂತತಿಯು ವರ್ಷವೆಲ್ಲ ಅವಿಚ್ಛಿನ್ನವಾಗಿ ನಡೆಯುವುದರಿಂದ ಒಂದೇ ಕಾಲದಲ್ಲಿ ಮೊಟ್ಟೆ, ಹುಳು, ಕೋಶ, ಪತಂಗ ಎಲ್ಲವೂ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಕಪ್ಪುತಲೆ ಹುಳುವಿನಲ್ಲಿ ಹಾಗಲ್ಲ. ಒಂದು ತೋಟದಲ್ಲಿರುವ ಹುಳುಗಳೆಲ್ಲ ಬಹುಮಟ್ಟಿಗೆ ಒಂದೇ ವಯಸ್ಸಿನವಾಗಿರುತ್ತವೆ. ಎಲ್ಲವೂ ಕೂಡಿ ಬೆಳೆಯುತ್ತವೆ, ಕೂಡಿ ಕೋಶವಾಗುತ್ತವೆ, ಕೂಡಿ ಪತಂಗವಾಗುತ್ತವೆ. ಇದನ್ನು ಸಿಂಹಳದ ತೋಟಗಳಲ್ಲಿ ಕಂಡರು. ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿಯೂ ಕಂಡರು. ಇದಕ್ಕೆ ಆಶ್ರಯಾಶಿಗಳೇ ಕಾರಣವಾಗಿರಬಹುದೆಂದು ಗಾಡ್‌ಫ್ರೆ, ಹ್ಯಾಸೆಲ್ ಎಂಬ ಇಂಗ್ಲೆಂಡಿನ ವಿದ್ವಾಂಸರು ೧೯೮೭ರಲ್ಲಿ ಪ್ರತಿಪಾದಿಸಿದರು. ಅವರ ತರ್ಕವು ಸ್ಥೂಲವಾಗಿ ಹೀಗೆ: ಒಂದು ಕಾಲದಲ್ಲಿ ಹುಳುಗಳು ಹೆಚ್ಚಾಗಿದ್ದರೆ ಸ್ವಲ್ಪ ಕಾಲದ ಮೇಲೆ ಕಡಜಗಳು ಹೆಚ್ಚುತ್ತವೆ, ಆ ಹೊತ್ತಿಗೆ ಮುಂಚಿನ ಹುಳುಗಳು ಕೋಶಗಳಾಗಿ ತಪ್ಪಿಸಿಕೊಂಡಿದ್ದರೆ, ಕಡಜದ ಕೈಗೆ ಸಿಕ್ಕುವುದು ಸಾಲಿನಿಂದ ಹಿಂದೆ ಬಿದ್ದ ಹುಳುಗಳು. ಹೀಗೆ ಹಿಂದುಮುಂದಾದವು ಅಳಿದು, ಕೂಡಿ ನಡೆದವು ಮಾತ್ರ ಉಳಿಯುತ್ತವೆ.

ಇದರ ಫಲವೇನೆಂದರೆ, ತೋಟವು ಸುಟ್ಟಂತೆ ಕಂಡ ದಿನವೇ ಕಡಜವನ್ನು ತಂದು ಬಿಡುವುದು ಬಹಳ ಸಲ ನಿಷ್ಫಲವಾಗುತ್ತದೆ. ಆಗ ಹುಳುಗಳೆಲ್ಲ ಕೋಶಗಳಾಗಿದ್ದರೆ ಗೋನಿಯೋಜಸ್ಸಿಗೆ ಮೊಟ್ಟೆಯಿಡಲು ಆಶ್ರಯವಿಲ್ಲ. ಅದು ಅಲೆದು ಸಾಯುತ್ತದೆ. ಕಡಜವು ಕೆಲಸಕ್ಕೆ ಬಾರದೆಂದು ಒಕ್ಕಲಿಗನು ನಿರ್ಣಯಿಸುತ್ತಾನೆ. ದೋಷವು ಕಡಜದ್ದಲ್ಲ, ಅಧಿಕಾರಿಯು ಬಂದ ಕಾಲದ್ದು. ಗರಿ ಒಣಗಿದುದನ್ನು ನೋಡಿ ಅಲ್ಲ, ಸುರಂಗವನ್ನು ಬಿಡಿಸಿ ಒಳಗಿರುವ ಅವಸ್ಥೆಯನ್ನು ನೋಡಿ ಕಡಜವನ್ನು ಆರಿಸಬೇಕು. ನ್ಯಾಯದಲ್ಲಿ ತಪ್ಪಿದುದೂ ಇದೇ ಅಲ್ಲವೆ? ಅಲ್ಲಿಯೂ ಮುಚ್ಚಿದುದನ್ನು ಬಿಡಿಸಿ ನೋಡಲಿಲ್ಲ.

೬. ಸಾಕಣೆಯೂ ಸಂಸ್ಕಾರವೂ

ಕಡಜಗಳನ್ನು ಸಾವಿರಗಟ್ಟಲೆ ಸಾಕಬೇಕಾದರೆ ಅವಕ್ಕೆ ಹುಳುಗಳು ಬೇಕು. ಕಪ್ಪುತಲೆ ಹುಳುವನ್ನೇ ಅಷ್ಟು ಸಂಖ್ಯೆಯಲ್ಲಿ ಸಾಕುವುದು ಕಷ್ಟ. ಆದುದರಿಂದ ಜೋಳ ಮೊದಲಾದ ಧಾನ್ಯಗಳ ನುಚ್ಚಿನಲ್ಲಿ ಸುಲಭವಾಗಿ ಬೆಳೆಯುವ ಅಕ್ಕಿಪತಂಗದ ಹುಳುವನ್ನೂ, ಜೇನುಹುಟ್ಟಿನ ಮೇಣವನ್ನು ತಿನ್ನುವ ಪತಂಗದ ಹುಳುವನ್ನೂ ಪ್ರಯೋಗಶಾಲೆಯಲ್ಲಿ ಬೆಳಸಿ, ಅವುಗಳ ಮೇಲೆ ಗೋನಿಯೋಜಸ್ಸನ್ನು ಸಾಕುತ್ತಾರೆ. ಉಗ್ರಾಣದ ಪೀಡೆಯೊಂದು ಹೀಗೆ ತೋಟದ ರಕ್ಷಣೆಗೆ ಸಾಧನವಾಯಿತು.

ಆದರೆ ಇಲ್ಲೊಂದು ತೊಡ್ಡು ಎದುರಾಯಿತು. ಅಕ್ಕಿಪತಂಗದ ಹುಳುವಿನ ಮೇಲೆ ಹುಟ್ಟಿ ಬೆಳೆದ ಕಡಜಕ್ಕೆ ತೆಂಗಿನ ಗರಿಯ ವಾಸನೆಯಾಗಲಿ ಕಪ್ಪುತಲೆ ಹುಳುವಿನ ಹಿಕ್ಕೆಯ ವಾಸನೆಯಾಗಲಿ ತಿಳಿಯದು. ಅದನ್ನು ನೆಟ್ಟಗೆ ತೋಟಕ್ಕೆ ಬಿಟ್ಟರೆ ಹುಡುಕುವುದರಲ್ಲಿ ಹಿಂದೆ ಬೀಳುತ್ತದೆ. ಇದಕ್ಕೆ ಕಂಡುಹಿಡಿದ ಪರಿಹಾರವು ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಸಂಸ್ಕಾರವೆನಿಸಿಕೊಳ್ಳತಕ್ಕದ್ದು: ಬಿಡುವುದಕ್ಕೆ ಮುಂಚೆ ಕಡಜಗಳನ್ನು ಕಪ್ಪುತಲೆ ಹುಳುವಿನ ಸುರಂಗದ ಚೂರುಗಳ ವಾಸನೆಯಲ್ಲಿ ಕೆಲಕಾಲ ಇಟ್ಟಿರುವುದು. ಹಾಗೆ ಸಂಸ್ಕಾರ ಪಡೆದ ಕಡಜಗಳು ಹುಳುವನ್ನು ಹುಡುಕುವುದರಲ್ಲಿ ಹೆಚ್ಚು ಸಮರ್ಥವಾಗುತ್ತವೆಂದು ಕಂಡುಬಂದಿದೆ.

ಈ ವಿದ್ಯೆಯು ನಮ್ಮ ಪ್ರಾಂತಗಳಿಗೆ ತೀರ ಹೊಸದಲ್ಲ. ಮಿಡತೆಗಳ ವಿಷಯದಲ್ಲಿ ಪ್ರಸಿದ್ಧರಾದ ವೈ. ರಾಮಚಂದ್ರರಾಯರು ತಮ್ಮ ಸಹೋದ್ಯೋಗಿಗಳೊಡನೆ, ದಕ್ಷಿಣ ಹಿಂದೂಸ್ಥಾನದಲ್ಲಿ ಈ ಹುಳುವಿನ ಹಾವಳಿಯನ್ನೂ ಅದನ್ನು ಕಡಜಗಳಿಂದ ತಡೆದ ಯತ್ನಗಳನ್ನೂ ಕುರಿತು ೧೯೪೮ರಲ್ಲಿ ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಜೈವಿಕ ನಿಯಂತ್ರಣ ಕೇಂದ್ರವೂ, ೧೯೭೭ರಲ್ಲಿ ಆರಂಭವಾದ ಅಖಿಲಭಾರತ ಯೋಜನೆಯೂ, ೧೯೯೩ರಲ್ಲಿ ಅದರಿಂದ ಬೆಳೆದ ನಿರ್ದೇಶನಾಲಯವೂ ಈ ಕಾರ್ಯವನ್ನು ಮುಂದುವರಿಸಿದುವು. ೨೦೧೪ರಿಂದ ಅದಕ್ಕೆ ರಾಷ್ಟ್ರೀಯ ಕೃಷಿಕೀಟ ಸಂಪನ್ಮೂಲ ಸಂಸ್ಥೆಯೆಂಬ ಅರ್ಥದ ಹೆಸರಿದೆ.

೭. ಆಕ್ಷೇಪ—ಸಮಾಧಾನ

ಒಂದನೆಯ ಆಕ್ಷೇಪ: ಇಷ್ಟೆಲ್ಲ ಪ್ರಯಾಸವೇಕೆ, ಔಷಧವನ್ನು ಸಿಂಪಡಿಸಿದರೆ ಹುಳುವು ಸಾಯುವುದಿಲ್ಲವೆ? ಸಾಯಬಹುದು. ಆದರೆ ಬೆಳೆದ ತೆಂಗಿನ ಗರಿಯ ಕೆಳಮೈಗೆ, ಅದರಲ್ಲಿಯೂ ನೂಲು ಹಿಕ್ಕೆಗಳ ಸುರಂಗದೊಳಕ್ಕೆ, ಸಿಂಪಡಿಕೆಯು ತಲುಪುವುದು ದುಸ್ಸಾಧ್ಯ. ಮರದ ಬೇರಿನ ಮೂಲಕ ವಿಷವನ್ನು ಊಡಿಸುವ ಪದ್ಧತಿಯೂ ನಡೆದುಬಂದಿತು. ಹಾಗೆ ಮಾಡಿದ ಮರದ ಎಳನೀರನ್ನೂ ಕಾಯನ್ನೂ ೪೫ ದಿನ ಮುಟ್ಟಬಾರದೆಂದು ಅದನ್ನು ಹೇಳಿಕೊಟ್ಟವರೇ ಎಚ್ಚರಿಸಿದ್ದರು. ಸಿಂಪಡಿಸಿದ ವಿಷವು ಸುರಂಗದೊಳಗಿನ ಹುಳುವಿಗಿಂತ ಮೊದಲು ಹೊರಗೆ ತಿರುಗುವ ಕಡಜವನ್ನು ಕೊಲ್ಲುತ್ತದೆ. ವೈರಿಯಿಲ್ಲದ ಹುಳುವು ಮುಂದಿನ ಪೀಳಿಗೆಯಲ್ಲಿ ಮೊದಲಿಗಿಂತ ಹೆಚ್ಚುತ್ತದೆ.

ಎರಡನೆಯ ಆಕ್ಷೇಪ: ಕಡಜವು ಅಷ್ಟು ಸಮರ್ಥವಾದರೆ ಹುಳುವು ನಿರ್ಮೂಲವಾಗಬೇಕಲ್ಲ, ಏಕೆ ಆಗಲಿಲ್ಲ? ಇಲ್ಲಿ ಆಶ್ರಯಾಶಿಯೆಂಬ ಹೆಸರೇ ಸಮಾಧಾನವನ್ನು ಹೇಳುತ್ತದೆ. ಕಟ್ಟಿಗೆ ಕಡಮೆಯಾದಂತೆ ಬೆಂಕಿ ಕಡಮೆಯಾಗುವ ಹಾಗೆ, ಹುಳು ವಿರಳವಾದಂತೆ ಕಡಜವೂ ವಿರಳವಾಗುತ್ತದೆ. ಅಲ್ಪಸ್ವಲ್ಪ ಹುಳು ತೋಟದಲ್ಲಿ ಉಳಿದಿರುವುದು ಕಡಜದ ಸೋಲಿನ ಗುರುತಲ್ಲ. ಕಡಜವು ತೋಟದಲ್ಲಿ ಉಳಿದಿರಲು ಅದೇ ಆಧಾರ. ಫಲಕ್ಕೆ ಹಾನಿಯಾಗದಷ್ಟರಮಟ್ಟಿಗೆ ಹುಳುವನ್ನು ಇಳಿಸುವುದೇ ಇಲ್ಲಿಯ ಪುರುಷಾರ್ಥ, ಸರ್ವನಾಶವಲ್ಲ. ಇದೇ ಕಾರಣದಿಂದ, ಹುಳು ಮತ್ತೆ ತಲೆಯೆತ್ತಿದಾಗ ಕಡಜವನ್ನು ಮತ್ತೆ ಬಿಡಬೇಕಾಗುತ್ತದೆ.

ಮೂರನೆಯದು ಆಕ್ಷೇಪವಲ್ಲ, ಎಚ್ಚರಿಕೆ. ಹಾವಳಿ ಹೆಚ್ಚಾದಾಗ ಕೆಳಗಿನ ಒಣಗಿದ ಗರಿಗಳನ್ನು ಕಡಿದು ಸುಡುವುದು ವಿಹಿತವಾದ ಕ್ರಮವೇ. ಆದರೆ ಸುರಂಗದಲ್ಲಿ ಸಿಪ್ಪೆಯಾದ ಹುಳುವೂ ಅದರ ಪಕ್ಕದಲ್ಲಿ ಸಣ್ಣ ನೂಲುಗೂಡುಗಳ ಗುಂಪೂ ಕಂಡರೆ, ಅದನ್ನು ಹೊಸ ಪೀಡೆಯ ಮೊಟ್ಟೆಗಳೆಂದು ಭಾವಿಸಿ ಹೊಸಕಬಾರದು, ಸುಡಬಾರದು. ೧೬೦೨ರಲ್ಲಿ ಆಲ್ಡ್ರೊವಾಂಡಿಗೆ ಆದ ಭ್ರಾಂತಿಯೇ ಅದು. ಅವನಿಗೆ ಅದರಿಂದ ಒಂದು ವಾಕ್ಯ ತಪ್ಪಾಯಿತು. ಒಕ್ಕಲಿಗನಿಗೆ ಒಂದು ವರ್ಷದ ಕಾಯಿ ಕೊಬ್ಬರಿಗಳೇ ತಪ್ಪಿಹೋಗುತ್ತವೆ.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಾಹಿತ್ಯವನ್ನು ಪಾಠಹೇಳತಕ್ಕವರು ಗ್ರಹಿಸಬೇಕಾದ ಅಂಶಗಳು ಮೂರು. ಕೀಟಭ್ರಮರನ್ಯಾಯವನ್ನು ವಿವರಿಸುವಾಗ ಭ್ರಮರಕ್ಕೆ ಕಡಜವೆಂದೇ ಅರ್ಥ ಹೇಳಬೇಕು. ದೃಷ್ಟಾಂತದ ತಾತ್ಪರ್ಯವನ್ನು ಮೊದಲು ಹೇಳಿ, ಅದರ ಲೌಕಿಕಸತ್ಯವನ್ನು ಅನಂತರ ಬೇರೆಯಾಗಿ ಹೇಳಬೇಕು. ಒಂದರಿಂದ ಇನ್ನೊಂದನ್ನು ಅಳಿಸಬಾರದು. ಮೂರನೆಯದಾಗಿ, ಪಠ್ಯಪುಸ್ತಕಗಳಿಗೆ ಪರಿಭಾಷೆಯನ್ನು ಒದಗಿಸುವವರು, ಬಂದಣಿಕೆಗೂ ಉಣ್ಣೆಗೂ ಕಡಜಕ್ಕೂ ಒಂದೇ ಹೆಸರನ್ನು ಕಟ್ಟದೆ, ಆಶ್ರಯವನ್ನು ಕೊಲ್ಲತಕ್ಕದ್ದಕ್ಕೆ ಬೇರೆ ಹೆಸರನ್ನು ಇಡಬೇಕು. ಹೆಸರು ಸರಿಯಾಗಿದ್ದರೆ ಲಕ್ಷಣವು ನೆನಪಿನಲ್ಲಿರುತ್ತದೆ. ಲಕ್ಷಣವು ನೆನಪಿನಲ್ಲಿದ್ದರೆ ಉಪಯೋಗಿಸುವ ಕಾಲವೂ ಕ್ರಮವೂ ತಪ್ಪುವುದಿಲ್ಲ.

ನಮ್ಮ ಊರಿನ ಶಾಲೆಗಳಲ್ಲಿ ಅನೇಕವು ತೆಂಗಿನ ತೋಟಗಳ ನಡುವೆಯೇ ಇವೆ. ಅಲ್ಲಿಯ ಉಪಾಧ್ಯಾಯರು ಈ ನ್ಯಾಯವನ್ನು ಹೇಳಿಕೊಡುವ ದಿನ, ಒಣಗಿದ ಗರಿಯ ಎಲೆಯೊಂದನ್ನು ತರಿಸಿ, ಅದರ ಕೆಳಗಿನ ಸುರಂಗವನ್ನು ವಿದ್ಯಾರ್ಥಿಗಳ ಕೈಯಿಂದಲೇ ಬಿಡಿಸಬಹುದು. ಒಳಗೆ ಹುಳುವಿದ್ದರೆ ಅದರ ವಯಸ್ಸನ್ನು ಹೇಳಲಿ; ಕೋಶವಿದ್ದರೆ ಅದನ್ನು ಗುರುತಿಸಲಿ; ನೂಲುಗೂಡುಗಳಿದ್ದರೆ ಎಲೆಯನ್ನು ಮೊದಲಿದ್ದ ಹಾಗೆ ತೋಟದಲ್ಲಿಟ್ಟು ಬರಲಿ.